ಸೊನ್ನೆಯಂತೆ ಕಂಡ ಐದು

ಹತ್ತು ಅಡಿ ಅಗಲ, ಇಪ್ಪತ್ತೆರಡು ಅಡಿ ಉದ್ದದ ಕೋಣೆ. ನೆಲಕ್ಕೆ ಎರಡಡಿ ಚೌಕದ ಫರ್ಸಿಕಲ್ಲು ಎಷ್ಟು ಬೇಕು?

ಆರನೆಯ ತರಗತಿಯ ಪರೀಕ್ಷೆಯಲ್ಲಿ ನಾನು ಬರೆದ ಉತ್ತರ: ಸೊನ್ನೆ, ಸೊನ್ನೆ. ಎರಡೂ ಅಕ್ಕಪಕ್ಕ.

ಫರ್ಸಿಕಲ್ಲಿಗೇ ಹೆಸರಾದ ಶಹಾಬಾದಿನಲ್ಲಿ ಹುಟ್ಟಿದವನು ಬರೆಯುವ ಉತ್ತರವೇ ಇದು? ಮಾಸ್ತರರು ಹಾಳೆ ಎತ್ತಿ ಹಿಡಿದು, ಫರ್ಸಿಯೇ ಇಲ್ಲದ ಮನ್ಯಾಗ ಎಲ್ಲಿ ಕುಂದರ್ತೀಯೋ, ಹವಾದಾಗೇನು, ಎಂದು ಕೇಳಿದರು. ಇಡೀ ಕ್ಲಾಸು ನಕ್ಕಿತು. ಪಕ್ಕದಲ್ಲಿದ್ದ ಖಾಜಾ ಮಾತ್ರ ನಗಲಿಲ್ಲ.

ಯಾಕೆಂದರೆ ಉತ್ತರ ಅವನದು. (ಕದ್ದವನು ನಾನು.) ಮೊದಲು ಉರ್ದು ಸಾಲಿಯಲ್ಲಿ ಓದಿ ಕನ್ನಡ ಸಾಲಿಗೆ ಬಂದವನು ಖಾಜಾ. ಹಾಳೆಯ ಅಂಚಿನಲ್ಲಿ ಉರ್ದು ಅಂಕಿಗಳಲ್ಲಿ ಲೆಕ್ಕ ಮಾಡಿದ್ದ. ಉರ್ದುವಿನ ಐದನ್ನು ಅವಸರದಲ್ಲಿ ಬರೆದರೆ ನಮ್ಮ ಸೊನ್ನೆಯಂತೆಯೇ ಕಾಣುತ್ತದೆ. ಅವನು ಬರೆದಿದ್ದು ಐವತ್ತೈದು.

ಅಂದು ಸಂಜೆ ಅವನು ನನ್ನನ್ನು ತನ್ನ ಅಪ್ಪ ಕೆಲಸ ಮಾಡುವ ಕಲ್ಲಿನ ಅಡ್ಡೆಗೆ ಕರೆದೊಯ್ದ. ಒಂದು ಫರ್ಸಿಯ ಮೇಲೆ ಸುಣ್ಣದ ಕಡ್ಡಿಯಿಂದ ಉರ್ದು ಅಂಕಿಗಳನ್ನು ಬರೆದ, ಕೆಳಗೆ ನಮ್ಮವನ್ನು. ಗುರುತು ಬೇರೆ, ಎಣಿಕೆ ಒಂದೇ. ಆ ಬೆರಗು ನನಗೆ ಇನ್ನೂ ಇಳಿದಿಲ್ಲ. ಮರುದಿನ ನಾನಾಗಿಯೇ ಒಂದು ಲೆಕ್ಕ ಕಟ್ಟಿಕೊಂಡು ಅವನ ಹತ್ತಿರ ಹೋದೆ. ಈಗ ನಾನು ಗಣಿತದ ಮೇಷ್ಟ್ರು. ಗೆಳೆಯ ನನಗೆ ಕಲಿಕೆಯ ರುಚಿ ಹತ್ತಿಸಿದ ಕಥೆಯನ್ನು ಪ್ರತಿವರ್ಷ ಹೊಸ ಮಕ್ಕಳಿಗೆ ಹೇಳುತ್ತೇನೆ. (ಕದ್ದದ್ದನ್ನು ಬಿಟ್ಟು.)

ಈ ಶನಿವಾರ ನಮ್ಮ ಸಾಲಿಯ ವಾರ್ಷಿಕ ಗ್ಯಾದರಿಂಗ್. ಖಾಜಾನನ್ನೇ ವೇದಿಕೆಗೆ ಕರೆದರೆ ಹೇಗೆ? ಕಳೆದ ಭಾನುವಾರ ಹೋಗಿ ಕೇಳಿದೆ. ಏಳನೆಯ ತರಗತಿಗೇ ಸಾಲಿ ಬಿಟ್ಟ ಅವನು ಈಗ ಫರ್ಸಿ ಪಾಲಿಶ್ ಮಾಡುತ್ತಾನೆ. ಮಷಿನ್ ನಿಲ್ಲಿಸಿ, ಪೂರಾ ಕೇಳಿಸಿಕೊಂಡ. ಬರುವುದಿಲ್ಲ ಎಂದ.

"ಸುಳ್ಳಿಗಿ ಹಾರ ಹಾಕಿಸ್ಕೊಳ್ಳಾಕ ನಾ ಒಲ್ಲೆಪಾ ಶರಣ್ಯಾ."

ಯಾವ ಸುಳ್ಳು?

"ನೀ ಇಣುಕಿ ನೋಡಾಕತ್ತಿದ್ದು ನನಗ ಗೊತ್ತಿತ್ತು. ನಿನಗ ತಿಳೀಬಾರ್ದು ಅಂತೇ ಉರ್ದುದಾಗ ಬರದೆ."

ಕಲ್ಲಿನ ಮೇಲೆ ಕುಳಿತುಬಿಟ್ಟೆ. ಹಾಗಾದರೆ ಅಂದು ಸಂಜೆ ಯಾಕೆ ಕಲಿಸಿದೆ ಎಂದು ಕೇಳಿದೆ.

"ನೀ ಅಳಕೋತ ನಾಳಿಂದ ಸಾಲಿಗಿ ಬರಂಗಿಲ್ಲ ಅಂದಿ. ನೀ ಬಿಟ್ರ ನಾ ಯಾರ ಜೋಡಿ ಹೋಗ್ಲಿ? ನನಗ ಭಾಳ ಅಂಜಿಕಿ ಆತು."

ನಾನು ಅತ್ತಿದ್ದೆನೇ? ನನಗೆ ನೆನಪಿಲ್ಲ. ಅವನಿಗಿದೆ.

ಕೊನೆಗೆ ಒಂದು ಷರತ್ತು ಹಾಕಿದ. ಮಕ್ಕಳ ಮುಂದೆ ಎಲ್ಲವನ್ನೂ ಹೇಳಿದರೆ ಬರುತ್ತಾನಂತೆ. ನಾನು ಕದ್ದದ್ದು, ಅವನು ಮುಚ್ಚಿದ್ದು, ಎರಡೂ. ಇಲ್ಲದಿದ್ದರೆ ಇಲ್ಲ.

ನಾಲ್ಕು ದಿನದಿಂದ ಭಾಷಣ ಬರೆಯಲು ಕುಳಿತಿದ್ದೇನೆ. ಅವನನ್ನು ಕಲಿಸಿದವನು ಎನ್ನಲೇ, ಉತ್ತರ ಅಡಗಿಸಿದವನು ಎನ್ನಲೇ? ಎರಡೂ ನಿಜ. ಎರಡನ್ನೂ ಒಂದೇ ವಾಕ್ಯದಲ್ಲಿ ಕೂಡಿಸಲು ಬರುತ್ತಿಲ್ಲ, ಗಣಿತದ ಮೇಷ್ಟ್ರಿಗೆ. ಅವನಿಲ್ಲದ ವೇದಿಕೆಯಲ್ಲಿ ಹಳೆಯ ಕಥೆ ಹೇಳಲು ನಾಲಿಗೆ ಏಳುತ್ತಿಲ್ಲ.

ಅಂದು ಖಾಜಾ ಕನ್ನಡದಲ್ಲೇ ಬರೆದಿದ್ದರೆ, ನಾನು ಪಾಸಾಗುತ್ತಿದ್ದೆ. ಕಲಿಯುತ್ತಿದ್ದೆನೇ?