ಕಾಡು ಗುಡಿಸಿದ ಬೆಳಗು

ಶಿಶುವಿಹಾರದಲ್ಲಿ ನಾನು ಆಯಾ. ಇಪ್ಪತ್ತೆರಡು ವರ್ಷದ ಅಭ್ಯಾಸ, ಕಸ ಕಂಡರೆ ಸುಮ್ಮನೆ ಕೂರುವ ಜಾಯಮಾನವಲ್ಲ. ಹಾಗಾಗಿ ನಮ್ಮ ಟೀಚರಮ್ಮನಿಗೂ ನನಗೂ ಮೊದಲ ದಿನದಿಂದ ಎಣ್ಣೆ ಸೀಗೆಕಾಯಿ.

ಆಕೆಯ ಅಪ್ಪ ಅರಣ್ಯ ಕಾವಲುಗಾರ. ಅವರ ಹೆಗಲ ಮೇಲೆ ಕೂತು ಮರಗಳ ಹೆಸರು ಕಲಿತವಳು. ವಾರಕ್ಕೆರಡು ದಿನ ಹದಿನಾರು ಮಕ್ಕಳನ್ನು ಶಾಲೆಯ ಹಿಂದಿನ ಕಾಡಿಗೆ ಕರೆದೊಯ್ದು, ಕೊಳೆತ ದಿಮ್ಮಿಯೊಂದರ ಸುತ್ತ ಕುಕ್ಕರಗಾಲಲ್ಲಿ ಕೂರಿಸುತ್ತಿದ್ದಳು. ಎರೆಹುಳ ಏನು ತಿನ್ನುತ್ತೆ, ಅಣಬೆ ಎಲ್ಲಿಂದ ಬಂತು, ಇದೇ ಪಾಠ. ವಾಪಸ್ ಬಂದ ಮೇಲೆ ಮೂವತ್ತೆರಡು ಕೆಸರುಗಾಲು ತೊಳೆಯುವವಳು ಮಾತ್ರ ನಾನು! ಬೈದರೆ ನಗುತ್ತಿದ್ದಳು.

ಮಕ್ಕಳು ಅಕ್ಷರ ಬಿಟ್ಟು ಹುಳಹುಪ್ಪಟೆ ಹಿಡಿಯುತ್ತವೆ ಎಂದು ಕೆಲವು ಪೋಷಕರು ದೂರು ಕೊಟ್ಟರು. ಶಿಕ್ಷಣ ಇಲಾಖೆಯ ಸಾಹೇಬರು ಬಂದು ನೋಡಿ, ಕಾಡಿನ ಪಾಠ ಇರಬೇಕೋ ಬೇಡವೋ ತೀರ್ಮಾನಿಸುವುದು ಎಂದಾಯಿತು.

"ನಿಲ್ಲಿಸಿಬಿಟ್ರೆ ಏನ್ ಮಾಡ್ಲಿ, ಆಯಮ್ಮ?" ಎಂದಳು ಟೀಚರಮ್ಮ. ನನ್ನ ಕರುಳು ಚುರುಕ್ಕೆಂದಿತು. ಜಗಳವಾಡಿದರೂ ನಮ್ಮ ಹುಡುಗಿ ತಾನೆ.

ಸಾಹೇಬರು ಬರುವ ದಿನ ಎಲ್ಲರಿಗಿಂತ ಮುಂಚೆ ಕಾಡಿಗೆ ಹೋದೆ. ತರಗೆಲೆಯನ್ನೆಲ್ಲ ಗುಡಿಸಿ ಬೇಲಿಯಾಚೆ ಸುರಿದೆ. ದಿಮ್ಮಿಯ ಪಾಚಿ, ಅಣಬೆ ಎಲ್ಲ ಬ್ರಷ್ ಹಾಕಿ ಉಜ್ಜಿದೆ. ನೋಡಿದವರು ಭೇಷ್ ಅನ್ನಬೇಕು, ಹಾಗೆ!

ಟೀಚರಮ್ಮ ಬಂದು ನೋಡಿ, ಬೋಳು ದಿಮ್ಮಿಯ ಮೇಲೆ ಕೈಯಾಡಿಸಿದಳು. "ಇನ್ನೇನ್ ತೋರಿಸ್ಲಿ, ಆಯಮ್ಮ?" ಎಂದಳು. ಬೈದಿದ್ದರೇ ಚೆನ್ನಾಗಿತ್ತು. ಹಿಂದೆಯೇ ಮಕ್ಕಳ ಜೊತೆ ಸಾಹೇಬರು.

ಆಗ ತರಗತಿಯಲ್ಲಿ ಬಾಯೇ ಬಿಡದ ಪುಟಾಣಿಯೊಬ್ಬಳು ಸೊಂಟದ ಮೇಲೆ ಕೈಯಿಟ್ಟಳು. "ಹುಳದ ಮನೆ ಯಾರು ಕಿತ್ತಾಕಿದ್ದು?"

"ನಾನೇ ಕಂದಾ."

"ಎಲೆ ಇಲ್ದಿದ್ರೆ ಹುಳಕ್ಕೆ ಊಟ ಇಲ್ಲ. ಹುಳ ಇಲ್ದಿದ್ರೆ ಒಳ್ಳೆ ಮಣ್ಣಿಲ್ಲ. ಮಣ್ಣಿಲ್ದಿದ್ರೆ ಮರ ಏನು ತಿನ್ಬೇಕು?"

ಉಳಿದವರು ಆಗಲೇ ಬೇಲಿಯಾಚೆ ಓಡಿದ್ದರು. ಟೋಪಿಯಲ್ಲಿ, ಫ್ರಾಕಿನ ಮಡಿಲಲ್ಲಿ ಎಲೆ ಹೊತ್ತು ತಂದರು.

"ಇದೆಲ್ಲ ಬಾಯಿಪಾಠ ಮಾಡಿಸಿದ್ದೀರಾ?" ಎಂದು ಸಾಹೇಬರು ಟೀಚರಮ್ಮನನ್ನು ಕೇಳುವಷ್ಟರಲ್ಲಿ ಒಬ್ಬ ಪೋರ ಅವರ ಕೈಗೇ ಎಲೆ ತುಂಬಿದ. "ಸುಮ್ನೆ ನಿಂತ್ಕೋಬೇಡಿ. ಒದ್ದೆದು ಕೆಳಗೆ, ಒಣಗಿದ್ದು ಮೇಲೆ."

ಸಾಹೇಬರು ಇಸ್ತ್ರಿ ಪ್ಯಾಂಟಿನಲ್ಲೇ ಮಂಡಿಯೂರಿದರು. ಅರ್ಧ ಗಂಟೆ ಎಲೆ ಹರಡಿ, ಕೈ ಕೊಡವಿ ಎದ್ದರು. "ಪಾಠ ನಡೀಲಿ. ಒಂದೇ ಷರತ್ತು, ಆಯಮ್ಮನೂ ಕೂರ್ಬೇಕು."

ಟೀಚರಮ್ಮ ಅಳುತ್ತಲೇ ನಕ್ಕಳು. ನಾನು ನಾಚಿಕೆಯಿಂದ ಸೆರಗಲ್ಲಿ ಕಣ್ಣೊರೆಸುತ್ತ ನಿಂತೇ ಇದ್ದೆ. ಪುಟಾಣಿ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟಳು.

"ಬಾ ಆಯಮ್ಮ, ಅಳ್ಬೇಡ. ಮೊದ್ಲು ನಂಗೂ ಗೊತ್ತಿರ್ಲಿಲ್ಲ."