ಚಿಪ್ಪಿನ ಮೇಲೊಂದು ವಾರಂಟಿ ಸ್ಟಿಕ್ಕರ್

ಕಳೆದ ವಾರ ತುಮಕೂರಿನ ಕಂಪ್ಯೂಟರ್ ಅಂಗಡಿಯೊಂದರಲ್ಲಿ ಕೂಗಾಡಿಬಿಟ್ಟೆ. ಪ್ರಿಂಟರ್ ನೋಡಲು ಬಂದಿದ್ದ ದಂಪತಿ ಮೆಲ್ಲಗೆ ಹೊರಗೆ ಹೋದರು. ಕೋಪ ಇನ್ನೂ ಇಳಿದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಪಕ್ಕದ ಮನೆಯ ಶಬಾನಾ, ಗುಬ್ಬಿ ಗೇಟಿನ ಬಳಿಯಿರುವ ತನ್ನ ಅಣ್ಣ ಅನ್ವರ್‌ನ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಫೋಟೋ ಸ್ಕ್ಯಾನ್ ಮಾಡಿ ತಿದ್ದುವ ಕೆಲಸ ಮಾಡುತ್ತಾಳೆ. ಗಿರಾಕಿಗಳ ಸಿಡಿಗಳಿಂದ ಬರುವ ವೈರಸ್ಸಿಗೆ ಬೇಸತ್ತು ತನ್ನ ಕಂಪ್ಯೂಟರಿಗೆ ವಿಂಡೋಸ್ ಬದಲು ತಾನೇ ಲಿನಕ್ಸ್ ಹಾಕಿಕೊಂಡವಳು. ಈಗ ಕುಣಿಗಲ್ ಕಡೆಯ ಕಾಲೇಜೊಂದರ ವಾರ್ಷಿಕ ಸಂಚಿಕೆ ಅಚ್ಚಿಗೆ ಬಂದಿದೆ. ಪುಟಪುಟಕ್ಕೂ ಫೋಟೋ. ಅವಳ ಕಂಪ್ಯೂಟರಿನಿಂದ ಅಣ್ಣನ ಕಂಪ್ಯೂಟರಿಗೆ ಅವು ಆಮೆಯಂತೆ ತೆವಳುತ್ತಿದ್ದವು. ಅಣ್ಣ ಹಟ ಹಿಡಿದ: ಲಿನಕ್ಸ್ ತೆಗೆ, ಇಲ್ಲದಿದ್ದರೆ ಫೋಟೋ ಕೆಲಸ ಹೊರಗೆ ಕೊಡುತ್ತೇನೆ.

ತಪ್ಪು ಲಿನಕ್ಸಿನದಲ್ಲ, ಎರಡೂ ಕಡೆಯ ಹಳೇ ನೆಟ್‌ವರ್ಕ್ ಕಾರ್ಡುಗಳದು. ವೇಗದ ಗಿಗಾಬಿಟ್ ಕಾರ್ಡು ಹಾಕಿದರೆ ಮುಗಿಯಿತು. ಯಾವ ಕಾರ್ಡು? ಲಿನಕ್ಸಿಗೆ ಡಬ್ಬದ ಮೇಲಿನ ಹೆಸರು ಬೇಡ, ಒಳಗಿನ ಚಿಪ್ಪಿನ ಹೆಸರು ಬೇಕು. ಆ ಚಿಪ್ಪನ್ನು ನಡೆಸುವ ಡ್ರೈವರ್ ಎಂಬ ತಂತ್ರಾಂಶ ಲಿನಕ್ಸಿನಲ್ಲಿ ಇದ್ದರಷ್ಟೇ ಕಾರ್ಡು ಓಡುತ್ತದೆ. ಶಬಾನಾ ಇಂಟರ್ನೆಟ್ಟಿನಲ್ಲಿ ಹುಡುಕಿ ಒಂದು ಮಾಡೆಲ್ ಆರಿಸಿದಳು. ಇಬ್ಬರೂ ಹೋಗಿ ಎರಡು ತಂದೆವು.

ಅನ್ವರ್‌ನ ವಿಂಡೋಸಿನಲ್ಲಿ ಓಡಿತು. ಅವಳ ಲಿನಕ್ಸಿನಲ್ಲಿ ಇಲ್ಲ.

"ನೋಡಮ್ಮ, ನಂದ್ರಲ್ಲಿ ಓಡ್ತೈತೆ. ನಿಂದೇ ಸರಿಯಿಲ್ಲ. ತಗ್ದಾಕು ಅದನ್ನ," ಎಂದ ಅನ್ವರ್.

ಕಾರ್ಡಿನಲ್ಲಿರುವ ಚಿಪ್ಪು ಯಾವುದೆಂದು ಅವಳು ಕಮಾಂಡ್ ಕೊಟ್ಟು ಲಿನಕ್ಸನ್ನೇ ಕೇಳಿದಳು. ಬೇರೆಯದೇ ಚಿಪ್ಪು! ಮಾಡೆಲ್ ಹೆಸರು ಹಾಗೇ ಇದೆ, ಹೊಟ್ಟೆಯೊಳಗಿನದು ಬದಲಾಗಿದೆ. ತಯಾರಿಸುವವರು ಹೀಗೂ ಮಾಡುತ್ತಾರಂತೆ. ಡಬ್ಬದ ಮೇಲೆ ಒಂದು ಸಾಲು ಬರೆಯಲು ಏನು ಧಾಡಿ?

ಅವಳ ಕಾರ್ಡು ಹಿಡಿದು ಅಂಗಡಿಗೆ ವಾಪಸ್ ಹೋದೆವು.

"ಲಿನಕ್ಸಿಗೆ ಅಂತ ನೀವು ಹೇಳ್ಲೇ ಇಲ್ವಲ್ಲ ಸಾರ್," ಎಂದ ಮಾಲೀಕ.

ಹೇಳಿದ್ದೆ. ಕೌಂಟರಿಗೆ ಒರಗಿ ಹೇಳಿದ್ದು ಕಣ್ಣಿಗೆ ಕಟ್ಟಿದಂತಿದೆ. ಆದರೆ ಅದು ಹೇಳಿದ್ದರ ನೆನಪೋ, ಹೇಳಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡಿದ್ದರ ನೆನಪೋ? (ಯೂನಿವರ್ಸಿಟಿಯಲ್ಲಿ ಅನುಮಾನಪಡುವುದನ್ನು ಚೆನ್ನಾಗಿ ಕಲಿತೆ. ಜಗಳದಲ್ಲಿ ಅದು ಮೂರು ಕಾಸಿಗೂ ಬರುವುದಿಲ್ಲ.)

"ಆಗ ಹೇಳಿದ್ರೋ ಬಿಟ್ರೋ, ಈಗ ಹೇಳ್ತಿದೀವಲ್ಲಣ್ಣ. ಬೇರೆ ಕಾರ್ಡ್ ತೋರ್ಸಿ," ಎಂದಳು ಶಬಾನಾ.

ಮಾಲೀಕ ಬದಲಿಸಿಕೊಡಲು ಒಪ್ಪಿ, ಬೇರೆ ಬೇರೆ ಕಂಪನಿಯ ಕಾರ್ಡುಗಳನ್ನು ಹರಡಿದ. ಎಲ್ಲದರ ಮೇಲೂ ಅಂಗಡಿಯ ವಾರಂಟಿ ಸ್ಟಿಕ್ಕರ್. ಎಲ್ಲಿ? ಸರಿಯಾಗಿ ಚಿಪ್ಪಿನ ಹೆಸರಿನ ಮೇಲೆ! ಕಿತ್ತು ಓದಬಹುದೇ ಎಂದು ಕೇಳಿದೆವು. ಕಿತ್ತರೆ ವಾರಂಟಿ ಹೋಯಿತು, ಆಮೇಲೆ ವಾಪಸ್ ತಗೊಳ್ಳುವುದಿಲ್ಲ ಎಂದ. ಸುತ್ತ ಅಷ್ಟು ಜಾಗವಿದೆಯಲ್ಲ, ಬೇರೆ ಕಡೆ ಅಂಟಿಸಬಾರದೇ?

"ಚಿಪ್ ಮೇಲೆ ನೀಟಾಗಿ ಕೂತ್ಕೊಳುತ್ತೆ ಸಾರ್. ಮೊದ್ಲಿಂದ್ಲೂ ಹಿಂಗೇ."

ನಾನು ಕೂಗಾಡಿದ್ದು ಆಗ. ಶಬಾನಾ ಕೂಗಾಡಲಿಲ್ಲ. ಒಂದು ಕಾರ್ಡು ಎತ್ತಿಕೊಂಡು ಉಗುರಿನಿಂದ ಸ್ಟಿಕ್ಕರ್ ಸುಲಿದಳು. ಬೇರೆ ಚಿಪ್ಪಾಗಿದ್ದರೆ ಕಾರ್ಡು ವಾಪಸ್ಸೂ ಆಗುತ್ತಿರಲಿಲ್ಲ, ಅಣ್ಣನ ಹಟದ ಮುಂದೆ ಅಂದೇ ಅವಳ ಲಿನಕ್ಸಿನ ಕಥೆ ಮುಗಿಯುತ್ತಿತ್ತು. ಅವಳು ಹುಡುಕುತ್ತಿದ್ದ ಹೆಸರೇ ಇತ್ತು.

ಕಾರ್ಡು ಕೂರಿಸಿದ್ದೇ ಫೋಟೋಗಳು ಸರಸರನೆ ಹೋದವು. ಅನ್ವರ್ ಸ್ಕ್ರೀನ್ ನೋಡಿ, "ಸರಿ, ಇರ್ಲಿ ಬಿಡು," ಎಂದು ಮಿಷೀನ್ ಕಡೆ ಹೋದ.

ಗೆದ್ದೆವಲ್ಲ ಎನ್ನುತ್ತೀರಾ? ಅದೃಷ್ಟ ಗೆದ್ದಿತು. ನಾಳೆ ಆ ಕಾರ್ಡು ಕೆಟ್ಟರೆ ಅಂಗಡಿಯವನು ಮುಟ್ಟಿಯೂ ನೋಡುವುದಿಲ್ಲ. ಅವಳು ಮಾಡಿದ ಅಪರಾಧ, ಕೊಳ್ಳುವ ಮುಂಚೆ ಓದಿದ್ದು.

ಓದದೆ ಕೊಂಡವರಿಗೆ ಮಾತ್ರ ಸಿಗುವ ವಾರಂಟಿ ಕಾಪಾಡುತ್ತಿರುವುದು ಯಾರನ್ನು?