ದೊಡ್ಡಪ್ಪನ ಸೊಂಟದ ಹಗ್ಗ

ನಿನ್ನೆ ಮೊಮ್ಮಗನ ಕಿವಿನೋವಿಗೆಂದು ಸೊಸೆ ಎಣ್ಣೆಯಲ್ಲಿ ಬೆಳ್ಳುಳ್ಳಿ ಕಾಯಿಸುತ್ತಿದ್ದಳು. ಆ ವಾಸನೆ ಪಡಸಾಲೆಗೆ ಬಂದದ್ದೇ ತಡ, ನಾನು ಮನಸ್ಸಿನಲ್ಲೇ ಗಾದಿಗನೂರಿನ ಹತ್ತಿರದ ನನ್ನ ತವರೂರಿಗೆ ಹೋಗಿಬಿಟ್ಟೆ. ಅಲ್ಲಿ ಕೆರೆಯ ನೀರು ಬಿಡುವ ನೀರಗಂಟಿ ದೊಡ್ಡಪ್ಪನ ಮನೆ, ನಮ್ಮ ಮನೆ ಗೋಡೆಗೆ ಗೋಡೆ. ಅವರ ಮನೆಯಲ್ಲಿ ಒಗ್ಗರಣೆಗಿಂತ ಈ ಎಣ್ಣೆಯ ಘಮವೇ ಹೆಚ್ಚು.

ಆಗ ನಮ್ಮ ಕಡೆ ಮದರಾಸು ಸರ್ಕಾರ. ಸರ್ಕಾರ ಯಾವುದಾದರೇನು, ಕೆರೆಯ ತೂಬು ತೆರೆಯಲು ದೊಡ್ಡಪ್ಪನೇ ಮುಳುಗಬೇಕು. ತೂಬಿನ ಬಾಯಿಗೆ ಕೆರೆಯ ತಳದಲ್ಲಿ ಮರದ ಬಿರಡೆ ಬಡಿದಿರುತ್ತಿತ್ತು. ಅದನ್ನು ಕಿತ್ತರೆ ನೀರು ಏರಿಯ ಅಡಿಯ ಕಲ್ಲುಕಾಲುವೆಯಲ್ಲಿ ಹಾದು ಆಚೆಯ ಗದ್ದೆಗೆ ಹೋಗುವುದು. ದೊಡ್ಡಪ್ಪ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿಯುತ್ತಿದ್ದ, ಅದರ ಇನ್ನೊಂದು ತುದಿ ದೊಡ್ಡವ್ವನ ಕೈಯಲ್ಲಿ. ಅವಳು ಎರಡು ಸಲ ಜಗ್ಗಿದರೆ ಮೇಲೆ ಬಾ ಎಂದರ್ಥ.

ನೀರು ಎಲ್ಲ ಕಡೆ ನೀರೇ ತಾನೆ, ನಿನ್ನ ಕಿವಿ ಯಾಕೆ ನೋಯುತ್ತದೆ ಎಂದು ನಾನೊಮ್ಮೆ ದೊಡ್ಡಪ್ಪನನ್ನು ಜಾಣೆಯಂತೆ ಕೇಳಿದ್ದೆ.

"ಮ್ಯಾಲ ಈಸಾಡಿದ್ರ ಏನಿಲ್ಲವ್ವ. ಕೆಳಗ ಹೋದಂಗ ಮ್ಯಾಲಿನ ನೀರಿನ ಭಾರೆಲ್ಲಾ ಮೈಮ್ಯಾಲ ಕುಂದರತೈತಿ. ಕಿವ್ಯಾಗ ಹೆಬ್ಬೆಟ್ಟು ಇಟ್ಟು ಒತ್ತಿದಂಗ."

ಹಾಗೆ ಒತ್ತಿ ಒತ್ತಿಯೇ ಕಿವಿಯ ಪೊರೆ ಹರಿದಿತ್ತು. ಹೊಸಪೇಟೆಯ ಡಾಕ್ಟರು ಇನ್ನು ಮುಳುಗಬೇಡ ಎಂದರು. ಹೇಳುವುದಕ್ಕೇನು! ಅವನ ಬದಲು ಮುಳುಗುವವರು ಯಾರು? ಕೊನೆಕೊನೆಗೆ ಬೆನ್ನ ಹಿಂದೆ ನಿಂತು ಕೂಗಿದರೂ ತಿರುಗುತ್ತಿರಲಿಲ್ಲ… ದೊಡ್ಡವ್ವ ಭುಜ ತಟ್ಟಿಯೇ ಊಟಕ್ಕೆ ಕರೆಯುತ್ತಿದ್ದಳು.

ಒಂದು ವರ್ಷ ಕೆರೆ ತುಂಬಿ ಕೋಡಿ ಹರಿದಿತ್ತು. ದೊಡ್ಡಪ್ಪ ಮುಳುಗಿ ನೋಡಿ ಬಂದ. ಬಿರಡೆ ಕಚ್ಚಿ ಕೂತಿದೆ, ನಾಳೆ ಕೀಳೋಣ, ಅಷ್ಟರಲ್ಲಿ ಏರಿಯ ಆಚೆ ಬದಿಯಿಂದ ಆ ಕಲ್ಲುಕಾಲುವೆಯ ಹೂಳು ತೆಗೆಯುತ್ತೇನೆ ಎಂದು ಹಗ್ಗ ಬಿಚ್ಚತೊಡಗಿದ. ದೊಡ್ಡವ್ವ ಇರಲಿ ಎಂದು ಸನ್ನೆ ಮಾಡಿದಳು.

"ಒಣಾ ಕಾಲುವಿಗೆ ಹಗ್ಗ ಯಾತಕ್ಕಬೇ?" ಎಂದು ನಕ್ಕ.

ಏರಿಯ ಮೇಲೆ ನೆರೆದಿದ್ದ ನಾವೂ ನಕ್ಕೆವು. ನಮ್ಮೂರಲ್ಲಿ ಹಗ್ಗ ಕಟ್ಟುವುದು ನೀರಿಗಿಳಿಯುವವನಿಗೆ. ಒಣ ಜಾಗಕ್ಕೆ ಹೋಗುವವನಿಗೆ ಯಾರು ಕಟ್ಟುತ್ತಾರೆ? ಅವನು ಕಾಲುವೆಯ ಬಾಯೊಳಗೆ ನುಸುಳಿದ. ಏರಿಯ ಮೇಲಿಂದ ನಮಗೆ ಅವನ ಅಂಗಾಲುಗಳಷ್ಟೇ ಕಾಣುತ್ತಿದ್ದವು.

ಸ್ವಲ್ಪ ಹೊತ್ತಿಗೆ ಕೆರೆಯಲ್ಲಿ ತೂಬಿನ ನೇರಕ್ಕೆ ನೀರು ಸಣ್ಣಗೆ ಸುತ್ತತೊಡಗಿತು. ಹಳೆಯ ಬಿರಡೆ ನೀರಿನ ಭಾರಕ್ಕೆ ಸೀಳುತ್ತಿತ್ತು. ಎಲ್ಲರೂ ಗಂಟಲು ಹರಿಯುವಂತೆ ಕೂಗಿದೆವು. ಗಂಡಸರು ಏರಿ ಇಳಿದು ಓಡಿದರು. ದೊಡ್ಡವ್ವ ಮಾತ್ರ ಕೂಗಲಿಲ್ಲ. ಕೂಗಿ ಪ್ರಯೋಜನವಿಲ್ಲವೆಂದು ನಮಗಿಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕೈಯಲ್ಲಿದ್ದ ಹಗ್ಗವನ್ನು ಎರಡು ಸಲ ಜಗ್ಗಿದಳು. ಅದರ ತುದಿ ಅವಳ ಕಾಲ ಬಳಿಯೇ ಬಿದ್ದಿತ್ತು…

ಗಂಡಸರಿಗಿಂತ ಮೊದಲು ನೀರು ಅವನನ್ನು ಮುಟ್ಟಿತು. ಸಂಜೆ ಗದ್ದೆಯ ಬದುವಿನಿಂದ ಹೆಣ ಎತ್ತಿ ತಂದರು.

ನಿನ್ನೆ ಎಣ್ಣೆ ಹಾಕಿಸಿಕೊಂಡ ಮೊಮ್ಮಗ ಅಳು ನಿಲ್ಲಿಸಿ ಅಂಗಳಕ್ಕೆ ಓಡಿದ. ಬೇಕೆಂದೇ ಮೆಲ್ಲಗೆ ಕರೆದೆ. ತಿರುಗಿ, "ಯಾಕಬೇ ಅಜ್ಜಿ?" ಅಂದ. ಇಷ್ಟು ಸಣ್ಣ ದನಿ ಇವನಿಗೆ ಕೇಳಿಸಿತು, ಅಂದು ಊರೇ ಕೂಗಿದ್ದು ದೊಡ್ಡಪ್ಪನಿಗೆ ಕೇಳಿಸಲಿಲ್ಲವಲ್ಲ ಎಂದು ಕೂತಲ್ಲೇ ಅತ್ತುಬಿಟ್ಟೆ.